ನಿತ್ಯದ ನಿರ್ಧಾರಗಳೂ ಶ್ರಾವಕನ ನಿಯಮವೂ

ಗೃಹಸ್ಥನ ಮನಸ್ಸನ್ನು ದಣಿಸುವವು ದೊಡ್ಡ ಸಂಕಟಗಳಿಗಿಂತ ಹೆಚ್ಚಾಗಿ ಸಣ್ಣ ಸಣ್ಣ ಆಯ್ಕೆಗಳೇ. ಇಂದು ಅಡುಗೆಗೆ ಏನು? ನೆಂಟರ ಮನೆಯ ಆರತಕ್ಷತೆಯಲ್ಲಿ ರಾತ್ರಿಯ ಊಟಕ್ಕೆ ಒತ್ತಾಯಿಸಿದರೆ ಏನೆನ್ನುವುದು? ಬೀರು ತುಂಬಿರುವಾಗ ಹಬ್ಬಕ್ಕೆ ಇನ್ನೊಂದು ಸೀರೆ ಬೇಕೇ? ಒಂದೊಂದೂ ಅಲ್ಪವೇ, ಆದರೆ ಸಂಜೆಯ ಹೊತ್ತಿಗೆ ಇವೆಲ್ಲ ಕೂಡಿ ಭಾರವಾಗುತ್ತವೆ. ವ್ರತನಿಯಮಗಳನ್ನು ಮತ್ತೊಂದು ಹೊರೆಯೆಂದು ಎಣಿಸಿ ದೂರ ಸರಿಯುವವರು, ಈ ಭಾರವನ್ನು ಇಳಿಸುವ ಶಕ್ತಿಯೂ ಅವುಗಳಲ್ಲಿದೆ ಎಂಬುದನ್ನು ಗಮನಿಸುವುದಿಲ್ಲ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಪರಿಮಾಣ ವ್ರತವನ್ನು ವಿವರಿಸುತ್ತ, ಒಮ್ಮೆ ಅನುಭವಿಸಿ ಬಿಡುವ ಅನ್ನಾದಿಗಳನ್ನು ಭೋಗವೆಂದೂ, ಮತ್ತೆ ಮತ್ತೆ ಬಳಸುವ ವಸ್ತ್ರಾದಿಗಳನ್ನು ಉಪಭೋಗವೆಂದೂ ವಿಂಗಡಿಸಿದ್ದಾರೆ. ಜೀವಾವಧಿಯ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ. ಭೋಜನ, ವಾಹನ, ಶಯನ, ಸ್ನಾನ, ತಾಂಬೂಲ, ವಸ್ತ್ರ, ಆಭರಣ, ಸಂಗೀತ ಮೊದಲಾದವುಗಳನ್ನು ಒಂದು ಹಗಲಿಗೋ, ಒಂದು ರಾತ್ರಿಗೋ, ಪಕ್ಷಕ್ಕೋ, ಮಾಸಕ್ಕೋ, ಋತುವಿಗೋ, ಅಯನಕ್ಕೋ ಮಿತಗೊಳಿಸಬಹುದೆಂದು ಅವರು ತಿಳಿಸುತ್ತಾರೆ. ಒಂದೇ ಹಗಲಿನ ನಿಯಮಕ್ಕೂ ಅಲ್ಲಿ ಸ್ಥಾನವಿದೆ. ಗೃಹಸ್ಥನ ಅಳವನ್ನು ಬಲ್ಲವರ ಮಾತಿದು.

ನಿಯಮವು ನಿರ್ಧಾರವನ್ನು ಸುಲಭಗೊಳಿಸುವುದು ಹೇಗೆ? ಪ್ರಾತಃಕಾಲದಲ್ಲಿ, ಹಸಿವಾಗಲಿ ಒತ್ತಾಯವಾಗಲಿ ಇಲ್ಲದಿರುವಾಗ, ಶಾಂತಚಿತ್ತದಿಂದ ಮಾಡಿದ ಸಂಕಲ್ಪವು ದಿನವೆಲ್ಲ ನಮ್ಮ ಪರವಾಗಿ ಉತ್ತರ ಹೇಳುತ್ತದೆ. ರಾತ್ರಿಭೋಜನವನ್ನು ತ್ಯಜಿಸಿದವನು ಆರತಕ್ಷತೆಗೆ ನಿಶ್ಚಿಂತೆಯಿಂದ ಹೋಗಿ, ವಧೂವರರನ್ನು ಹರಸಿ ಬರುತ್ತಾನೆ. ‘ಇದೊಂದು ಸಲ’ ಎನ್ನುವವನಿಗಾದರೋ ಪ್ರತಿಯೊಂದು ಮನೆಯಲ್ಲಿಯೂ ಹೊಸ ಪರೀಕ್ಷೆ. ಶಾಲೆಯಲ್ಲಿ ವೇಳಾಪಟ್ಟಿಯು ಗೋಡೆಯ ಮೇಲಿದ್ದರೆ ಈ ಗಂಟೆಗೆ ಗಣಿತವೋ ಕನ್ನಡವೋ ಎಂಬ ಚರ್ಚೆ ಹುಟ್ಟುವುದಿಲ್ಲ. (ಉಪಾಧ್ಯಾಯ ವೃತ್ತಿಯಲ್ಲಿ ಆಯುಷ್ಯ ಕಳೆದವನಿಗೆ ಇಂಥ ಹೋಲಿಕೆಯೇ ಮೊದಲು ತೋಚುವುದು, ಓದುಗರು ಮನ್ನಿಸಬೇಕು.) ಮುನಿಗಳ ವೃತ್ತಿಪರಿಸಂಖ್ಯಾನ ತಪಸ್ಸಿನಲ್ಲಿಯೂ ಆಹಾರಕ್ಕೆ ಹೊರಡುವ ಮೊದಲೇ ಮನೆ ಮುಂತಾದವುಗಳ ಮಿತಿಯು ಮನಸ್ಸಿನಲ್ಲಿ ನಿಶ್ಚಯವಾಗಿರುತ್ತದೆ. ವಿಧಿ ಕೂಡಿಬರದಿದ್ದರೆ ಅವರು ಸಮಭಾವದಿಂದ ಹಿಂದಿರುಗುತ್ತಾರೆ.

ಆದರೆ ಶಕ್ತಿಯನ್ನು ಅರಿಯದೆ ಕೈಗೊಂಡ ನಿಯಮವು ನೆಮ್ಮದಿಗೆ ಬದಲಾಗಿ ತಳಮಳವನ್ನು ತರುತ್ತದೆ. ಎಷ್ಟೋ ಮನೆಗಳಲ್ಲಿ ಕಾಣುವ ಪ್ರಸಂಗವನ್ನು ನೋಡಿ. ವಯಸ್ಸಾದ ತಾಯಿಗೆ ಮಧುಮೇಹ. ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ಬಹುಕಾಲದಿಂದ ನಡೆಸಿಕೊಂಡು ಬಂದವರು. ಪರ್ವದ ಬೆಳಗು ಬಂತೆಂದರೆ ಮಾತ್ರೆಯನ್ನು ನುಂಗಿದರೆ ವ್ರತಭಂಗವೆಂಬ ಭಯ, ಬಿಟ್ಟರೆ ಕಾಯಿಲೆಯ ಭಯ. ಮಾತ್ರೆ ನುಂಗಿ ಉಣ್ಣದೆ ಉಳಿದರೆ ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿಯಬಹುದು. ಮಗ ಒಂದು ಹೇಳುತ್ತಾನೆ, ನೆರೆಮನೆಯ ಶ್ರಾವಿಕೆ ಇನ್ನೊಂದು ಹೇಳುತ್ತಾಳೆ. ಆ ತಾಯಿ ಏನು ಮಾಡಿದರೂ ದಿನವೆಲ್ಲ ಕೊರಗುವುದೇ ಆಗುತ್ತದೆ.

ಈ ನಿರ್ಧಾರವನ್ನು ಪರ್ವದ ಬೆಳಗಿಗೆ ಬಿಡಲೇಬಾರದು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಸ್ಸು ಎರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಬಾಹ್ಯತಪಸ್ಸು ಆರು ಬಗೆಯದು. ಅನಶನವು ಅದರಲ್ಲಿ ಒಂದು ಮಾತ್ರ. ಕಡಮೆ ಉಣ್ಣುವ ಅವಮೌದರ್ಯವಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಕೆಲವನ್ನು ತೊರೆಯುವ ರಸಪರಿತ್ಯಾಗವಿದೆ. ಪರ್ವಕ್ಕೆ ಬಹಳ ಮುಂಚೆಯೇ ವೈದ್ಯರನ್ನು ಕೇಳಿ, ಹಸಿದಿರಕೂಡದೆಂದು ಅವರು ಹೇಳಿದರೆ, ಗುರುಗಳ ಸನ್ನಿಧಿಯಲ್ಲಿ ಅದನ್ನು ನಿವೇದಿಸಿ, ಹಗಲಿನಲ್ಲಿ ಹೊತ್ತಿಗೆ ಸರಿಯಾಗಿ ತುಪ್ಪ ಎಣ್ಣೆಗಳಿಲ್ಲದ ಊಟ, ಮಾತ್ರೆ, ಉಳಿದ ಕಾಲ ಸ್ವಾಧ್ಯಾಯವೆಂದು ನಿಶ್ಚಯಿಸಿಕೊಳ್ಳಬಹುದು. ಹಾಗೆ ಮಾಡಿದ ತಾಯಿಯನ್ನು ವ್ರತಭ್ರಷ್ಟೆಯೆಂದು ಆಡಿಕೊಳ್ಳುವವರು ಶಾಸ್ತ್ರವನ್ನು ಅರ್ಧ ಓದಿದವರು.

ಒಮ್ಮೆ ಗೊತ್ತುಪಡಿಸಿದ ಎಲ್ಲೆಯನ್ನು ನಡುವೆ ಎಳೆದಾಡಬಾರದು. ತತ್ತ್ವಾರ್ಥಸೂತ್ರವು ದಿಗ್ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ, ಸ್ಮೃತ್ಯಂತರಾಧಾನ ಎಂಬ ಎರಡಿವೆ: ಮಿತಿಯನ್ನು ಹಿಗ್ಗಿಸಿಕೊಳ್ಳುವುದು, ಮಿತಿಯನ್ನೇ ಮರೆಯುವುದು. ಎರಡನೆಯದಕ್ಕೆ ಒಂದು ಪುಟ್ಟ ಪುಸ್ತಕ ಸಾಕು. ವಸ್ತು, ಪ್ರಮಾಣ, ಅವಧಿ ಈ ಮೂರನ್ನು ಬರೆದಿಟ್ಟರಾಯಿತು.

ನಿಯಮವು ಎಲ್ಲವನ್ನೂ ತೀರ್ಮಾನಿಸದು. ಅಂಗಡಿಯಲ್ಲಿ ನಮ್ಮ ಪರಿಮಾಣದೊಳಗಿನ ಎರಡು ಸೀರೆಗಳು ಎದುರಿಗಿದ್ದರೆ ಯಾವುದನ್ನಾದರೂ ಕೊಳ್ಳಬಹುದು. ಮಗನನ್ನು ಹತ್ತಿರದ ಕಾಲೇಜಿಗೆ ಸೇರಿಸುವುದೋ ದೂರದ ನಗರಕ್ಕೆ ಕಳುಹಿಸುವುದೋ ಎಂಬಲ್ಲಿ ಮಾತ್ರ ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ವಿಚಾರಿಸಬೇಕು: ನಮ್ಮ ಹಣದ ಅನುಕೂಲ, ಆ ಊರಿನಲ್ಲಿ ಶುದ್ಧಾಹಾರದ ವ್ಯವಸ್ಥೆ, ಹುಡುಗನ ವಯಸ್ಸು, ಅವನ ಮನಸ್ಸಿನ ಒಲವು. ವಿಚಾರಿಸಿ ಒಂದನ್ನು ಆರಿಸಿದ ಬಳಿಕ, ಬಿಟ್ಟದ್ದನ್ನೇ ನೆನೆದು ಹಂಬಲಿಸುವುದು ಇಷ್ಟವಿಯೋಗದ ಆರ್ತಧ್ಯಾನಕ್ಕೆ ದಾರಿ.

ಹೊಸದಾಗಿ ತೊಡಗುವವರು ಬರುವ ಪಕ್ಷಕ್ಕೆ ಒಂದೇ ವಸ್ತುವನ್ನು ಆರಿಸಿಕೊಳ್ಳಲಿ. ದಿನಕ್ಕೆ ಊಟ ಉಪಾಹಾರಗಳು ಇಷ್ಟು ಸಲ ಎಂದೋ, ಹದಿನೈದು ದಿನ ಹೊಸ ಬಟ್ಟೆಯನ್ನು ಕೊಳ್ಳುವುದಿಲ್ಲವೆಂದೋ ಇರಬಹುದು. ಅದನ್ನು ಮನೆಯವರ ಮೇಲೆ ಹೇರುವುದು ಬೇಡ. ಪಕ್ಷ ಮುಗಿದ ಮೇಲೆ ಪುಸ್ತಕವನ್ನು ತೆರೆದು ನೋಡಿ, ಹಗುರವೆನಿಸಿದರೆ ಅವಧಿಯನ್ನು ಒಂದು ಮಾಸಕ್ಕೆ ಬೆಳೆಸಬಹುದು. ಇಲ್ಲವಾದರೆ ಪ್ರಮಾಣವನ್ನು ತಿದ್ದಿ ಇನ್ನೊಂದು ಪಕ್ಷಕ್ಕೆ ಹೊಸದಾಗಿ ಸಂಕಲ್ಪಿಸಬಹುದು.