ದೇವರ ಚಿತ್ತ ತಿಳಿಯುವ ಬಗೆ: ಪ್ರಾರ್ಥನೆಯಲ್ಲಿ ಆರು ಹೆಜ್ಜೆ

ಆಡಕಿಯ ಒಂದು ಕ್ರೈಸ್ತ ಮನೆ ಎಂದಿಟ್ಟುಕೊಳ್ಳಿ. ಹಿರಿಮಗನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿದೆ. ಊರಲ್ಲಿ ಮೂರು ಎಕರೆ ತೊಗರಿ ಹೊಲವಿದೆ, ಮೊಣಕಾಲು ನೋವಿನ ಅವ್ವ ಇದ್ದಾಳೆ. ಭಾನುವಾರ ಆರಾಧನೆ ಮುಗಿದ ಮೇಲೆ ಅವನು ಸಭೆಯ ಅಯ್ಯನವರನ್ನು ಕೇಳುತ್ತಾನೆ: 'ಹೋಗಲೋ ಉಳೀಲೋ? ದೇವರ ಚಿತ್ತ ಏನಂತ ತಿಳಿಯೋದು ಹ್ಯಾಂಗ್ರಿ?'

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ದುಡಿಮೆಗಾಗಿ ಊರು ಬಿಡುವ ಮನೆಗಳಿಗೆ ಇದು ಹೊಸ ಪ್ರಶ್ನೆಯಲ್ಲ. ಇಂಥ ಹೊತ್ತಿನಲ್ಲಿ ಕೆಲವರು ಕನಸಿಗೆ, ಗುರುತಿಗೆ ಕಾಯುತ್ತಾರೆ. ಆದರೆ ದೇವರ ಚಿತ್ತವನ್ನು ಅರಿಯುವುದು ದಿನದಿನವೂ ರೂಢಿಸಿಕೊಳ್ಳಬಹುದಾದ ಅಭ್ಯಾಸ. ಇದಕ್ಕೆ ವಿವೇಚನೆ ಎಂದು ಹೆಸರು. ಈ ಭಾಗದ ಮೆಥೋಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿಯೂ, ಕಥೋಲಿಕರ ಸಂತ ಇಗ್ನೇಷಿಯಸ್ ಲೊಯೋಲರೂ ಇದಕ್ಕೆ ದಾರಿ ಹಾಕಿಕೊಟ್ಟಿದ್ದಾರೆ. ಯಾವ ಸಭೆಯವರಾದರೂ ಈ ಹೆಜ್ಜೆಗಳನ್ನು ಮನೆಯಲ್ಲೇ ಅನುಸರಿಸಬಹುದು.

1. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ
'ನನ್ನ ಬಾಳು ಏನಾಗಬೇಕು' ಎಂದಲ್ಲ. 'ಈ ಯುಗಾದಿಯೊಳಗೆ ಹೈದರಾಬಾದಿನ ಕೆಲಸಕ್ಕೆ ಸೇರಬೇಕೇ' ಎಂದು ಬರೆಯಿರಿ. ವಿವೇಚನೆ ಬೇಕಾಗುವುದು ಎರಡು ಒಳ್ಳೆಯ ದಾರಿಗಳ ನಡುವೆ. ಲಂಚ ಕೊಡಲೇ, ವರದಕ್ಷಿಣೆ ಕೇಳಲೇ ಎಂದು ಪ್ರಾರ್ಥಿಸಿ ತಿಳಿಯಬೇಕಾದದ್ದು ಏನೂ ಇಲ್ಲ. ಅಲ್ಲಿ ಉತ್ತರ ಮೊದಲೇ ಇದೆ.

2. ಹಿಡಿತ ಸಡಿಲಿಸಿ
ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡು ದೇವರ ಒಪ್ಪಿಗೆಗಷ್ಟೇ ಮೊಣಕಾಲೂರುವುದು ಸುಲಭ. ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ಆಸೆಯನ್ನು ಬಚ್ಚಿಡಲಿಲ್ಲ, ಅದಕ್ಕೆ ಅಂಟಿಕೊಳ್ಳಲೂ ಇಲ್ಲ. ನಿಮ್ಮ ಆಸೆ, ಅಂಜಿಕೆ ಎರಡನ್ನೂ ಹೆಸರಿಟ್ಟು ಹೇಳಿಕೊಳ್ಳಿ. ಯಾವ ಉತ್ತರ ಬಂದರೂ ಸ್ವೀಕರಿಸುವ ಮನಸ್ಸು ಕೊಡೆಂದು ಬೇಡಿ. ಆ ಮನಸ್ಸು ಬರಲು ಕೆಲವು ದಿನ ಬೇಕಾದರೆ ಕಾಯಿರಿ.

3. ವಚನ ಓದಿ, ಸುಮ್ಮನೆ ಕೂಡಿ
ಕಣ್ಣುಮುಚ್ಚಿ ಬೈಬಲ್ ತೆರೆದು, ಬೆರಳಿಟ್ಟ ವಾಕ್ಯವನ್ನೇ ಉತ್ತರವೆಂದು ಹಿಡಿಯಬೇಡಿ. ದಿನಕ್ಕೆ ಒಂದು ಅಧ್ಯಾಯವನ್ನು ಪೂರ್ತಿ, ನಿಧಾನವಾಗಿ ಓದಿ. ಆಮೇಲೆ ಹದಿನೈದು ನಿಮಿಷ ಮೊಬೈಲ್ ದೂರವಿಟ್ಟು ಮೌನವಾಗಿ ಕೂಡಿ. 1 ಸಮುವೇಲ 3, 1 ಅರಸುಗಳು 19, ಯಾಕೋಬ 1 ಮೊದಲ ಮೂರು ದಿನಕ್ಕೆ ಸಾಕು. ಬಾಲಕ ಸಮುವೇಲ ದೇವರ ಕರೆಯನ್ನು ಮೂರು ಸಲ ಯಾಜಕ ಏಲಿಯ ಕರೆಯೆಂದೇ ತಿಳಿದ. ದನಿ ಗುರುತಿಸಲು ಅವನಿಗೂ ಹೊತ್ತು ಹಿಡಿಯಿತು, ಹಿರಿಯನೊಬ್ಬನ ನೆರವೂ ಬೇಕಾಯಿತು.

4. ಒಳಗೆ ಉಳಿದದ್ದೇನು ಎಂದು ನೋಡಿ
ಇಗ್ನೇಷಿಯಸ್ 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ಹಾಸಿಗೆ ಹಿಡಿದರು. ಬಯಸಿದ ವೀರಕಥೆಗಳು ಸಿಗಲಿಲ್ಲ. ಸಿಕ್ಕಿದ್ದು ಕ್ರಿಸ್ತನ, ಸಂತರ ಚರಿತ್ರೆ. ಯುದ್ಧದ ಕೀರ್ತಿಯನ್ನು ನೆನೆದಾಗಲೂ ಹಿಗ್ಗು, ಸಂತರಂತೆ ಬಾಳುವುದನ್ನು ನೆನೆದಾಗಲೂ ಹಿಗ್ಗು. ಆದರೆ ಮೊದಲನೆಯದು ಸ್ವಲ್ಪ ಹೊತ್ತಿಗೆ ಬತ್ತಿ ಮನಸ್ಸು ಬರಡಾಗುತ್ತಿತ್ತು, ಎರಡನೆಯದು ನಿಲ್ಲುತ್ತಿತ್ತು. 1548ರಲ್ಲಿ ಅಚ್ಚಾದ ಅವರ 'ಆಧ್ಯಾತ್ಮಿಕ ಅಭ್ಯಾಸಗಳು' ಪುಸ್ತಕದ ವಿವೇಚನೆಯ ನಿಯಮಗಳಿಗೆ ಈ ಅನುಭವವೇ ಬೇರು.

ನೀವೂ ಹಾಗೆ ಮಾಡಿ. ಒಂದು ವಾರ 'ಹೋಗುತ್ತೇನೆ' ಎಂದು ತೀರ್ಮಾನಿಸಿದವರಂತೆ ಬದುಕಿ, ಮರುವಾರ 'ಉಳಿಯುತ್ತೇನೆ' ಎಂದು. ರಾತ್ರಿ ಊಟವಾದ ಮೇಲೆ ಎರಡು ಸಾಲು ಬರೆದಿಡಿ: ಇಂದು ಯಾವುದು ಸಮಾಧಾನ ತಂದಿತು, ಯಾವುದು ಕಳವಳ ತಂದಿತು? ಒಂದು ದಿನದ ಬರಹ ಏನೂ ಹೇಳದು. ಹದಿನಾಲ್ಕು ದಿನದ್ದು ಹೇಳುತ್ತದೆ.

5. ಲೆಕ್ಕ ಹಾಕಿ
ಬುದ್ಧಿಯೂ ದೇವರ ವರವೇ. ಹಾಳೆಯನ್ನು ಎರಡು ಪಾಲು ಮಾಡಿ ಹೋದರಾಗುವ ಲಾಭನಷ್ಟ, ಉಳಿದರಾಗುವ ಲಾಭನಷ್ಟ ಬರೆಯಿರಿ. ಸಂಬಳವೆಷ್ಟು, ಬಾಡಿಗೆಯೆಷ್ಟು? ಹೊಲ ಪಾಲಿಗೆ ಹಾಕಿದರೆ ಏನು ಬರುತ್ತದೆ? ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಆಮೇಲೆ ಇಗ್ನೇಷಿಯಸ್ ಹೇಳಿಕೊಟ್ಟ ಪರೀಕ್ಷೆ: ಇದೇ ಪ್ರಶ್ನೆಯನ್ನು ಗುರುತಿಲ್ಲದವನೊಬ್ಬ ತಂದರೆ ಅವನಿಗೆ ಏನು ಹೇಳುತ್ತಿದ್ದಿರಿ?

6. ಹಿರಿಯರೊಂದಿಗೆ ಮಾತಾಡಿ, ತೀರ್ಮಾನಿಸಿ
1742ರಿಂದ ವೆಸ್ಲಿಯ ಅನುಯಾಯಿಗಳು ಹನ್ನೆರಡು ಮಂದಿಯಷ್ಟರ ಗುಂಪುಗಳಲ್ಲಿ ವಾರಕ್ಕೊಮ್ಮೆ ಸೇರಿ ಒಬ್ಬರ ಆತ್ಮದ ಕ್ಷೇಮವನ್ನು ಒಬ್ಬರು ವಿಚಾರಿಸುತ್ತಿದ್ದರು. ನಿಮಗೆ ಇಬ್ಬರು ಸಾಕು: ಒಬ್ಬರು ಸಭಾಪಾಲಕರೋ ಫಾದರೋ ಆಗಿರಲಿ, ಇನ್ನೊಬ್ಬರು ನಿಮ್ಮನ್ನು ಹೊಗಳದೆ ನಿಜ ಹೇಳುವ ಹಿರಿಯರಾಗಿರಲಿ. ನಿಮ್ಮ ತೀರ್ಮಾನ ಯಾರ ಬಾಳನ್ನು ತಟ್ಟುತ್ತದೋ ಅವರನ್ನು ಬಿಡಬೇಡಿ. ಅವ್ವನನ್ನು ಕೇಳದ ವಿವೇಚನೆ ಅರ್ಧವೇ. ಆಮೇಲೆ ತೀರ್ಮಾನವನ್ನು ದೇವರಿಗೊಪ್ಪಿಸಿ, ದಿನಾಂಕ ಹಾಕಿ ಬರೆದಿಡಿ.

ಈ ಎಚ್ಚರ ಇರಲಿ

- ಮನಸ್ಸು ಕುಗ್ಗಿದ ದಿನ, ಸಿಟ್ಟಿನ ರಾತ್ರಿ ಹಳೆಯ ತೀರ್ಮಾನ ಬದಲಿಸಬೇಡಿ. ಇಗ್ನೇಷಿಯಸ್ ಒತ್ತಿ ಹೇಳಿದ ನಿಯಮವಿದು. ಬೆಳಕು ಮರಳುವ ತನಕ ತಡೆಯಿರಿ.
- 'ನಿನ್ನ ವಿಷಯ ದೇವರು ನನಗೆ ತಿಳಿಸಿದ್ದಾನೆ' ಎಂದು ಯಾರಾದರೂ ಒತ್ತಾಯಿಸಿದರೆ, ಅದಕ್ಕೆ ಹಣ ಕೇಳಿದರೆ, ಹಿಂದೆ ಸರಿಯಿರಿ. ಆತ್ಮಗಳನ್ನು ಪರೀಕ್ಷಿಸಬೇಕೆಂದು 1 ಯೋಹಾನ 4 ಕಲಿಸುತ್ತದೆ.
- ಪ್ರಾರ್ಥನೆಗಾಗಿ ಔಷಧ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಉಪವಾಸ ಮಾಡಬೇಡಿ.
- ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಕೇಡು ಮಾಡಿಕೊಳ್ಳೆನ್ನುವ ದನಿ ಕೇಳಿಸಿದರೆ ಕೂಡಲೇ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮನಸ್ ಉಚಿತ ಸಹಾಯವಾಣಿ 14416.

ತೀರ್ಮಾನವಾದ ಮೂರು ತಿಂಗಳಿಗೆ ಮನೆಯವರೆಲ್ಲ ಕೂತು ಗಲಾತ್ಯ 5ರಲ್ಲಿ ಎಣಿಸಿರುವ ಆತ್ಮದ ಫಲಗಳನ್ನು ಓದಿ. ಪ್ರೀತಿ, ಸಮಾಧಾನ, ತಾಳ್ಮೆ ಮನೆಯಲ್ಲಿ ಹೆಚ್ಚಿವೆಯೇ? ಮಗ ಹೈದರಾಬಾದಿನಿಂದ ಫೋನ್ ಮಾಡಿದಾಗ ಅವ್ವನ ದನಿ ಹಗುರವಾಗಿದೆಯೇ? ಇಲ್ಲೇ ಉಳಿದವನು ಕೊರಗಿಲ್ಲದೆ ಹೊಲಕ್ಕೆ ಹೋಗುತ್ತಿದ್ದಾನೆಯೇ? ಹೌದಾದರೆ ದಾರಿ ಸರಿಯಿದೆ. ಇಲ್ಲವಾದರೆ ಅದು ಶಿಕ್ಷೆಯಲ್ಲ. ಹೊಸ ಪ್ರಶ್ನೆ ಬರೆದು ಮೊದಲ ಹೆಜ್ಜೆಗೆ ಮರಳಿ. ಸಮುವೇಲನನ್ನು ನಾಲ್ಕನೆಯ ಸಲವೂ ಕರೆದ ದೇವರು ನಿಮ್ಮನ್ನು ಕರೆಯಲು ಬೇಸರಪಡುವುದಿಲ್ಲ.