ಟಾಲಿಗಂಜ್‌ನಲ್ಲಿ ಊಟ ತರಿಸುವ ಕನ್ನಡದ ಮನೆಗಳಿಗೆ ಸೂಚನೆ

ಕೆಲಸಕ್ಕೆಂದೋ ಓದಿಗೆಂದೋ ಕೋಲ್ಕತ್ತಕ್ಕೆ ಬಂದು ಟಾಲಿಗಂಜ್‌ನಲ್ಲಿ ಮನೆ ಮಾಡಿರುವ ಕನ್ನಡದವರು ದಯವಿಟ್ಟು ಓದಿ. ಸ್ವಿಗ್ಗಿ, ಜೊಮ್ಯಾಟೊಗಳಲ್ಲಿ ತರಿಸಿದ ಊಟ ಕೆಟ್ಟರೆ ತಪ್ಪು ಹೋಟೆಲಿನ ಅಡುಗೆಮನೆಯದ್ದಿರಬಹುದು, ಆ್ಯಪ್‌ನದ್ದಿರಬಹುದು, ನಾವು ಕೊಟ್ಟ ವಿಳಾಸದ್ದಿರಬಹುದು. ಬೈಗುಳ ಮಾತ್ರ ಬಾಗಿಲಲ್ಲಿ ಚೀಲ ಹಿಡಿದು ನಿಂತವರಿಗೆ ಬೀಳುತ್ತಿದೆ. ಇದು ನಿಲ್ಲಬೇಕು. ತಪ್ಪು ಯಾರದೋ ಅವರನ್ನೇ ಕೇಳಿ, ಬಿಡದೆ ಕೇಳಿ.

ಮಾಡಬೇಕಾದ್ದು

ವಿಳಾಸ ಪೂರ್ತಿ ಬರೆಯಿರಿ. ‘ಟಾಲಿಗಂಜ್ ಸ್ಟೇಷನ್ ಹತ್ತಿರ’ ಎಂದಷ್ಟೇ ಬರೆದರೆ ಸಾಲದು. ಬಜ್‌ಬಜ್ ಮಾರ್ಗದ ಟಾಲಿಗಂಜ್ ರೈಲು ನಿಲ್ದಾಣ ಇರುವುದು ರವೀಂದ್ರ ಸರೋವರ ಮೆಟ್ರೊ ಪಕ್ಕದಲ್ಲಿ. ಊರವರು ಟಾಲಿಗಂಜ್ ಮೆಟ್ರೊ ಎಂದು ಕರೆಯುವುದು ಅದರ ಮುಂದಿನ ನಿಲ್ದಾಣವನ್ನು. ಅದರ ಬೋರ್ಡಿನ ಮೇಲಿರುವುದು ಮಹಾನಾಯಕ ಉತ್ತಮ್ ಕುಮಾರ್ ಎಂಬ ಹೆಸರು. ನಿಮ್ಮ ಅರ್ಧ ಮಾತಿಗೆ ಒಬ್ಬರು ಒಂದು ನಿಲ್ದಾಣದಷ್ಟು ದೂರ ಸುಮ್ಮನೆ ಸೈಕಲ್ ತುಳಿಯುತ್ತಾರೆ, ನಿಮ್ಮ ಸಾರು ಆರಿಹೋಗುತ್ತದೆ.

ನೇತಾಜಿ ನಗರ, ಆಜಾದ್‌ಗಢ, ಬಿಜೊಯ್‌ಗಢದ ಕಡೆ ಇರುವವರು ಇನ್ನೂ ಎಚ್ಚರವಹಿಸಬೇಕು. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದವರು ತಾವೇ ಕಟ್ಟಿಕೊಂಡ ಕಾಲೊನಿಗಳಿವು. ಗಲ್ಲಿಗಳು ಕಿರಿದು, ಮನೆ ನಂಬರುಗಳು ಸಾಲಾಗಿರುವುದಿಲ್ಲ, ಮ್ಯಾಪಿನ ಗುರುತು ಹಿಂದಿನ ಬೀದಿಗೆ ಬಿದ್ದಿರುತ್ತದೆ. ಆ ಗುರುತನ್ನು ಎಳೆದು ನಿಮ್ಮ ಗೇಟಿನ ಮೇಲೆಯೇ ಕೂರಿಸಿ. ಮಹಡಿ, ಕಟ್ಟಡದ ಬಣ್ಣ, ಪಕ್ಕದ ಔಷಧಿ ಅಂಗಡಿ ಅಥವಾ ಪಾಡಾದ (ಕೇರಿಯ) ಕ್ಲಬ್ಬಿನ ಹೆಸರು ಸೇರಿಸಿ. ಫೋನ್ ಬಂದರೆ ಎತ್ತಿ. ಬಂಗಾಳಿ ಬಾರದಿದ್ದರೆ ಹಿಂದಿ ಸಾಕು, ಆದರೆ ‘ದಾದಾ’ (ಅಣ್ಣಾ) ಎಂದೇ ಮಾತು ಶುರುಮಾಡಿ. ಅರೆಬರೆ ಬಂಗಾಳಿ ಕಲಿತವರು ಅಪರಿಚಿತರಿಗೆ ‘ತುಯ್’ (ನೀನು) ಎನ್ನಬಾರದು, ‘ಆಪ್ನಿ’ (ನೀವು) ಎನ್ನಬೇಕು.

ದೂರ ನೋಡಿ ತಿಂಡಿ ಆರಿಸಿ. ಲೇಕ್ ಮಾರ್ಕೆಟ್ ಸುತ್ತಮುತ್ತ ದಕ್ಷಿಣದ ಹೋಟೆಲುಗಳಿವೆ, ಊರಿನ ರುಚಿ ನೆನಪಾದಾಗ ಕೈ ಅಲ್ಲಿಗೇ ಹೋಗುತ್ತದೆ. ಅಲ್ಲಿಂದ ಕುಡ್‌ಘಾಟ್, ಬಾಂಸ್‌ದ್ರೋಣಿಗೆ ಮಸಾಲೆ ದೋಸೆ ತರಿಸಿದರೆ ಮುಚ್ಚಿದ ಡಬ್ಬಿಯೊಳಗಿನ ಹಬೆಗೆ ಅದು ಮೆತ್ತಗಾಗುವುದು ಖಂಡಿತ. ಇಡ್ಲಿ, ಪೊಂಗಲ್, ಮೊಸರನ್ನ ಅಷ್ಟು ದೂರ ತಡೆದುಕೊಳ್ಳುತ್ತವೆ. ದೋಸೆ ತಿನ್ನಬೇಕೆನಿಸಿದ ದಿನ ಮೆಟ್ರೊ ಹತ್ತಿ ಹೋಟೆಲಿಗೇ ಹೋಗಿ.

ಡಾಲ್ ತಾನೇ ಎಂದುಕೊಂಡು ಸಸ್ಯಾಹಾರಿಗಳು ಕಣ್ಣುಮುಚ್ಚಿ ಆರ್ಡರ್ ಮಾಡಬಾರದು. ಹೆಸರುಬೇಳೆಗೂ ಎಲೆಕೋಸಿಗೂ ಮೀನಿನ ತಲೆ ಹಾಕಿ ಬೇಯಿಸುವುದು ಬಂಗಾಳಿ ಅಡುಗೆಯಲ್ಲಿ ಮಾಮೂಲು. ಹಸಿರು ಚುಕ್ಕೆ ನೋಡಿ, ವಿವರ ಓದಿ.

ಪೊಟ್ಟಣದ ಸೀಲ್ ಒಡೆಯುವ ಮೊದಲು ಒಂದು ಫೋಟೊ, ಒಡೆದ ಮೇಲೆ ಒಂದು ಫೋಟೊ ತೆಗೆದಿಡಿ. ಬಿಲ್ಲಿನಲ್ಲಿ ಹೋಟೆಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ ಇರಲೇಬೇಕು. 2022ರ ಜನವರಿಯಿಂದ ಇದು ಕಡ್ಡಾಯ.

ಮಾಡಬಾರದ್ದು

ಉಪ್ಪು ಜಾಸ್ತಿಯಾಯಿತೆಂದು ತಂದವರಿಗೆ ಒಂದು ಸ್ಟಾರ್ ಕೊಡಬೇಡಿ. ಆ್ಯಪ್‌ನಲ್ಲಿ ಊಟಕ್ಕೆ ಬೇರೆ, ತಂದವರಿಗೆ ಬೇರೆ ಅಂಕವಿದೆ. ಉಪ್ಪಿನ ಲೆಕ್ಕ ಹೋಟೆಲಿಗೆ ಹೋಗಲಿ. ಬಿರಿಯಾನಿಯಲ್ಲಿ ಆಲೂಗಡ್ಡೆ ಬಂತೆಂದು ಯಾರಿಗೂ ಅಂಕ ಕಡಿಮೆ ಮಾಡಬೇಡಿ. ಕೋಲ್ಕತ್ತದ ಬಿರಿಯಾನಿ ಇರುವುದೇ ಹಾಗೆ.

ರಸ್ತೆಯಲ್ಲಿ ನೀರು ನಿಂತಾಗ ಆರ್ಡರ್ ಮಾಡಬೇಡಿ. ಇದಕ್ಕೆ ರಿಯಾಯಿತಿ ಇಲ್ಲ. 2025ರ ಸೆಪ್ಟೆಂಬರ್ 23ರ ಮಳೆಗೆ ದಕ್ಷಿಣ ಕೋಲ್ಕತ್ತದ ಬೀದಿಗಳು ಮುಳುಗಿದವು, ನಗರದಲ್ಲಿ ನಿಂತ ನೀರಿನಲ್ಲಿ ಕರೆಂಟ್ ಹೊಡೆದು ಹಲವರು ಸತ್ತರು. ಆ್ಯಪ್ ಆರ್ಡರ್ ತೆಗೆದುಕೊಳ್ಳುತ್ತಿದೆ ಎಂದಮಾತ್ರಕ್ಕೆ ದಾರಿ ಕ್ಷೇಮವಾಗಿದೆ ಎಂದಲ್ಲ. ಅಂಥ ರಾತ್ರಿಗೆಂದು ಮನೆಯಲ್ಲಿ ಅವಲಕ್ಕಿ, ರವೆ ಇಟ್ಟುಕೊಂಡಿರಿ.

ದುರ್ಗಾಪೂಜೆಯ ದಿನಗಳಲ್ಲಿ ಪೊಲೀಸರು ರಸ್ತೆಗೆ ಬ್ಯಾರಿಕೇಡ್ ಹಾಕುತ್ತಾರೆ. ಗಾಡಿ ನಿಮ್ಮ ಗಲ್ಲಿಗೆ ಬರಲಾರದು. ಬ್ಯಾರಿಕೇಡ್ ತನಕ ನೀವೇ ನಡೆದುಹೋಗಿ ತೆಗೆದುಕೊಳ್ಳಿ, ತಡವಾಯಿತೆಂದು ಜಗಳ ಬೇಡ.

ಊಟ ತಂದವರು ಲಿಫ್ಟ್ ಬಳಸಬಾರದೆಂದು ನಿಮ್ಮ ಕಟ್ಟಡದಲ್ಲಿ ಬೋರ್ಡಿದ್ದರೆ ಅದನ್ನು ಒಪ್ಪಿಕೊಂಡು ಕೂರಬೇಡಿ. ನಮ್ಮ ಊಟ ಹೊತ್ತು ತಂದವರನ್ನು ನಾಲ್ಕು ಮಹಡಿ ಹತ್ತಿಸುವುದು ನಾಚಿಕೆಗೇಡು. ಸಮಿತಿಯ ಸಭೆಯಲ್ಲಿ ಎದ್ದು ನಿಂತು ಹೇಳಿ, ಬೋರ್ಡು ತೆಗೆಯುವವರೆಗೆ ನೀವೇ ಕೆಳಗಿಳಿದು ಬನ್ನಿ. ತಂದವರ ಹೆಸರು ನೋಡಿ, ಧರ್ಮ ಎಣಿಸಿ ಊಟ ಬೇಡವೆನ್ನುವುದು ಈ ಮನೆಗಳಲ್ಲಿ ನಡೆಯಕೂಡದು.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಮೋಸಗಾರರು ಕಾದಿದ್ದಾರೆ. ದೂರನ್ನು ಆ್ಯಪ್ ಒಳಗಿಂದಲೇ ಕೊಡಿ. ದುಡ್ಡು ವಾಪಸ್ ಬರಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಒತ್ತಿ ಎಂದವರು ಕಳ್ಳರು. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಊಟದಲ್ಲಿ ಹುಳ ಬಂದರೂ, ಅರ್ಧ ಆರ್ಡರ್ ಬಾರದಿದ್ದರೂ ‘ಹೋಗಲಿ ಬಿಡಿ’ ಎನ್ನಬೇಡಿ. ಕಂಪನಿ ಚಾಟ್‌ನಲ್ಲಿ ಕ್ಷಮೆ ಕೇಳಿ ಕೂಪನ್ ಕೊಟ್ಟರೆ ಅಲ್ಲಿಗೇ ಮುಗಿಸಬೇಕಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆಯೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆರ್ಡರ್ ನಂಬರ್, ಫೋಟೊ, ಚಾಟ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಬಂಗಾಳಿ, ಹಿಂದಿ ಬಾರದ ಹಿರಿಯರೂ ಹಿಂಜರಿಯಬೇಕಿಲ್ಲ. ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು.