‘ನಿಮ್ ಗಾಡಿಗೆ ಎಲ್ ಬೋರ್ಡ್ ಎಲ್ಲಿ, ಮಿಸ್?’ – ಚಲನೆಯ ಪಾಠದಲ್ಲಿ ಕಲಿಕಾ ಸವಾರರ ನಿಯಮಗಳು

ಬೋಧನಾಭ್ಯಾಸದ ಮೂರನೇ ವಾರ ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ನಾನು ಮಾಡಿದ ಪಾಠದ ವರದಿ ಇದು. ಘಟಕ ‘ಚಲನೆ’. ಉಪಘಟಕ, ಚಲನೆಯ ಸಮೀಕರಣಗಳನ್ನು ನಿತ್ಯಜೀವನಕ್ಕೆ ಅನ್ವಯಿಸುವುದು. ಅವಧಿ ತಲಾ 40 ನಿಮಿಷದ ಎರಡು ತರಗತಿ. ಪಾಠಯೋಜನೆಯಲ್ಲಿ ನಾನು ಬರೆದುಕೊಂಡದ್ದು ಒಂದು, ತರಗತಿಯಲ್ಲಿ ನಡೆದದ್ದು ಇನ್ನೊಂದು. ಎರಡನ್ನೂ ಇಲ್ಲಿ ಬರೆದಿದ್ದೇನೆ.

ಉದ್ದೇಶಗಳು

ಪಾಠ ಮುಗಿದಾಗ ವಿದ್ಯಾರ್ಥಿಗಳು:
1. ಗಂಟೆಗೆ ಕಿಲೋಮೀಟರಿನಲ್ಲಿರುವ ಜವವನ್ನು ಸೆಕೆಂಡಿಗೆ ಮೀಟರಿಗೆ ಪರಿವರ್ತಿಸುವರು.
2. ಪ್ರತಿಕ್ರಿಯಾ ದೂರ ಮತ್ತು ಬ್ರೇಕ್ ದೂರಗಳ ವ್ಯತ್ಯಾಸ ತಿಳಿದು, ನಿಲುಗಡೆ ದೂರವನ್ನು ಲೆಕ್ಕ ಹಾಕುವರು.
3. ಕಲಿಕಾ ಸವಾರರು ಎಲ್ ಫಲಕ ಹಾಕಬೇಕೆ, ಜವ ಕಡಿಮೆ ಇಡಬೇಕೆ ಎಂಬ ಪ್ರಶ್ನೆಗೆ ಲೆಕ್ಕದ ಆಧಾರದ ಮೇಲೆ ಉತ್ತರಿಸುವರು.

ಮೂರನೆಯದನ್ನು ‘ಮೌಲ್ಯ’ ಎಂಬ ಅಂಕಣದಲ್ಲಿ ಬರೆದಿದ್ದೆ. ಅದಕ್ಕೆ ಇಟ್ಟಿದ್ದ ಸಮಯ ಕೊನೆಯ ಐದು ನಿಮಿಷ ಮಾತ್ರ.

ಪೀಠಿಕೆಯಲ್ಲೇ ಸಿಕ್ಕಿಬಿದ್ದದ್ದು

ಬೋಧನೋಪಕರಣವಾಗಿ ನನ್ನದೇ ಕಲಿಕಾ ಪರವಾನಗಿಯನ್ನು, ನಾವೆಲ್ಲ ಎಲ್‌ಎಲ್‌ಆರ್ ಎನ್ನುವ ಕಾಗದವನ್ನು, ಒಯ್ದಿದ್ದೆ. ಇದು ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, ಸಿಕ್ಕಿ 30 ದಿನವಾದ ಮೇಲಷ್ಟೇ ಪಕ್ಕಾ ಪರವಾನಗಿಯ ಪರೀಕ್ಷೆಗೆ ಹೋಗಬಹುದು ಎಂದು ವಿವರಿಸಿದೆ. ಆಮೇಲೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಮೂರನೇ ನಿಯಮವನ್ನು ಕರಿಹಲಗೆಯ ಮೇಲೆ ಸರಳವಾಗಿ ಬರೆದೆ. ಕಲಿಯುವವರ ಬಳಿ ಚಾಲ್ತಿಯಲ್ಲಿರುವ ಕಲಿಕಾ ಪರವಾನಗಿ ಇರಬೇಕು. ಪರವಾನಗಿ ಇರುವ ಬೋಧಕರೊಬ್ಬರು ಗಾಡಿಯನ್ನು ಹಿಡಿತಕ್ಕೆ ತರಬಲ್ಲ ಅಥವಾ ನಿಲ್ಲಿಸಬಲ್ಲ ಜಾಗದಲ್ಲಿ ಜೊತೆಗೆ ಕೂತಿರಬೇಕು. ಗಾಡಿಯ ಮುಂದೆ ಮತ್ತು ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಇರಬೇಕು. ಮೋಟಾರ್ ಸೈಕಲ್ ಆದರೆ ಆ ಬೋಧಕರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ನಮ್ಮ ಸ್ಕೂಟರುಗಳೂ ಕಾನೂನಿನ ಲೆಕ್ಕದಲ್ಲಿ ಮೋಟಾರ್ ಸೈಕಲ್ಲೇ.

ಮೂರನೇ ಸಾಲಿನಿಂದ ಒಬ್ಬಳು ಎದ್ದು ನಿಂತಳು.

“ಹಂಗಾದ್ರೆ ನಿಮ್ ಗಾಡಿಗೆ ಎಲ್ ಬೋರ್ಡ್ ಎಲ್ಲಿ, ಮಿಸ್? ದಿನಾ ಹಿಂದೆ ಇನ್ನೊಬ್ರು ಮಿಸ್ಸನ್ನೂ ಕೂರಿಸ್ಕೊಂಡು ಬರ್ತೀರಲ್ಲ?”

ತರಗತಿ ಗೊಳ್ಳೆಂದಿತು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಉಪನ್ಯಾಸಕರು ಅವಲೋಕನ ಪುಸ್ತಕ ಹಿಡಿದು ಕೂತಿದ್ದರು. ಪಕ್ಕದಲ್ಲೇ ನನ್ನ ಗಾಡಿಯ ಹಿಂದೆ ಕೂರುವ ಸಹಪಾಠಿ. ಅವಳ ಬಳಿ ಯಾವ ಪರವಾನಗಿಯೂ ಇಲ್ಲ. ಅಣ್ಣನ ಸ್ಕೂಟರಿನಲ್ಲಿ ಎರಡು ವಾರದಿಂದ ನಾವು ಹಾಗೆಯೇ ಬರುತ್ತಿದ್ದೆವು. ಫಲಕ ಯಾಕೆ ಹಾಕಿರಲಿಲ್ಲ ಎಂದರೆ, ಹಾಕಿದರೆ ದಾರಿಯಲ್ಲಿ ಹುಡುಗರು ರೇಗಿಸುತ್ತಾರೆ, ಶಾಲೆಯ ಗೇಟಿನಲ್ಲಿ ಮಕ್ಕಳು ನಗುತ್ತಾರೆ ಎಂಬ ಸಂಕೋಚ. ಅದಕ್ಕಿಂತ ದೊಡ್ಡ ಕಾರಣ ನನ್ನಲ್ಲಿರಲಿಲ್ಲ.

ಮಾತು ಮರೆಸಿ ಮುಂದಿನ ಚಟುವಟಿಕೆಗೆ ಹಾರುವ ಆಲೋಚನೆ ಒಂದು ಕ್ಷಣ ಬಂದದ್ದು ನಿಜ. ಆದರೆ ಹಲಗೆಯ ಮೇಲೆ ನಿಯಮ ನನ್ನ ಕೈಬರಹದಲ್ಲೇ ಇತ್ತು. “ತಪ್ಪು ನನ್ನದೇ. ಮೂರು ನಿಯಮ ಮುರಿದಿದ್ದೇನೆ. ಫಲಕ ಇಲ್ಲ, ಬೋಧಕರಿಲ್ಲ, ಪರವಾನಗಿ ಇಲ್ಲದವರನ್ನು ಕೂರಿಸಿದ್ದೇನೆ. ಇದರಿಂದ ಏನು ಅಪಾಯವಿತ್ತು ಅಂತ ಈಗ ನೀವೇ ಲೆಕ್ಕ ಹಾಕಿ” ಎಂದೆ. ನಗು ನಿಂತಿತು. ಕೊನೆಯ ಐದು ನಿಮಿಷಕ್ಕೆಂದು ಇಟ್ಟಿದ್ದ ಪ್ರಶ್ನೆಯಿಂದಲೇ ಪಾಠ ಶುರುವಾಯಿತು.

ಲೆಕ್ಕ

ಅಡ್ಡ ಬಂದದ್ದು ಕಣ್ಣಿಗೆ ಬಿದ್ದ ಕ್ಷಣದಿಂದ ಕೈ ಬ್ರೇಕ್ ಹಿಡಿಯುವ ತನಕ ಗಾಡಿ ಓಡುತ್ತಲೇ ಇರುತ್ತದೆ. ಆ ದೂರ ಪ್ರತಿಕ್ರಿಯಾ ದೂರ. ಬ್ರೇಕ್ ಹಿಡಿದ ಮೇಲೆ ನಿಲ್ಲುವವರೆಗೆ ಸಾಗುವುದು ಬ್ರೇಕ್ ದೂರ. ಎರಡೂ ಸೇರಿದರೆ ನಿಲುಗಡೆ ದೂರ. ಸರಳವಾಗಲೆಂದು ಪ್ರತಿಕ್ರಿಯೆಗೆ 1 ಸೆಕೆಂಡ್, ಬ್ರೇಕಿನ ಋಣ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 5 ಮೀಟರ್ ಎಂದು ಊಹಿಸಿಕೊಂಡೆವು. ಜವದ ವರ್ಗವನ್ನು ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ಬ್ರೇಕ್ ದೂರ ಸಿಗುತ್ತದೆ.

ಲೆಕ್ಕಕ್ಕೆ ಮೊದಲು ಒಂದು ಊಹೆ ಕೇಳಿದೆ. ಜವ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ಎಷ್ಟು ಪಟ್ಟಾಗುತ್ತದೆ? ಹೆಚ್ಚುಕಡಿಮೆ ಇಡೀ ತರಗತಿ “ಎರಡು ಪಟ್ಟು” ಎಂದಿತು. ಗುಂಪುಗಳಲ್ಲಿ ಲೆಕ್ಕ ಮಾಡಿದಾಗ ಬಂದ ಉತ್ತರ ಹೀಗಿತ್ತು:

ಗಂಟೆಗೆ 30 ಕಿ.ಮೀ.: ಪ್ರತಿಕ್ರಿಯಾ ದೂರ 8.3 ಮೀ., ಬ್ರೇಕ್ ದೂರ 6.9 ಮೀ., ಒಟ್ಟು ಸುಮಾರು 15.3 ಮೀ.
ಗಂಟೆಗೆ 40 ಕಿ.ಮೀ.: 11.1 ಮೀ. ಮತ್ತು 12.3 ಮೀ., ಒಟ್ಟು ಸುಮಾರು 23.5 ಮೀ.
ಗಂಟೆಗೆ 60 ಕಿ.ಮೀ.: 16.7 ಮೀ. ಮತ್ತು 27.8 ಮೀ., ಒಟ್ಟು ಸುಮಾರು 44.4 ಮೀ.

30ರಿಂದ 60ಕ್ಕೆ ಹೋದಾಗ ಪ್ರತಿಕ್ರಿಯಾ ದೂರ ಎರಡು ಪಟ್ಟಾಯಿತು, ಬ್ರೇಕ್ ದೂರ ನಾಲ್ಕು ಪಟ್ಟಾಯಿತು. ‘ಜವದ ವರ್ಗ’ ಎಂಬ ಮಾತಿನ ಅರ್ಥ ಮಕ್ಕಳಿಗೆ ಹೊಳೆದದ್ದು ಇಲ್ಲಿ. ರಸ್ತೆಯ ಫಲಕದಲ್ಲಿ ‘ವೇಗಮಿತಿ’ ಎಂದಿರುತ್ತದೆ, ನಮ್ಮ ಪುಸ್ತಕದ ಪ್ರಕಾರ ಅದು ‘ಜವಮಿತಿ’ ಆಗಬೇಕಲ್ಲವೇ ಎಂದು ಒಬ್ಬ ಕೇಳಿದ. ಫಲಕ ದಿಕ್ಕನ್ನು ಹೇಳುವುದಿಲ್ಲವಾದ್ದರಿಂದ ಅವನು ಹೇಳಿದ್ದು ಸರಿ.

ಎರಡನೇ ತರಗತಿಗೆ ಟೇಪು, ಸುಣ್ಣದಪುಡಿ ಹಿಡಿದು ಮೈದಾನಕ್ಕೆ ಹೋದೆವು. ಧ್ವಜಸ್ತಂಭದಿಂದ ಮೂರೂ ದೂರಗಳನ್ನು ಗುರುತು ಮಾಡಿದೆವು. 15.3 ಮೀಟರಿನ ಗೆರೆಯ ಮೇಲೆ ಒಬ್ಬನನ್ನು ನಿಲ್ಲಿಸಿ, ಚೆಂಡಿನ ಹಿಂದೆ ರಸ್ತೆಗೆ ಓಡಿಬಂದ ಮಗು ಇವನು ಎಂದುಕೊಳ್ಳಿ ಎಂದೆ. ಮೂವರು ಸವಾರರೂ ಧ್ವಜಸ್ತಂಭದ ಬಳಿ ಇದ್ದಾಗ ಅವನನ್ನು ಕಂಡರೆ ಏನಾಗುತ್ತದೆ? 30ರಲ್ಲಿ ಬಂದವರು ಅವನ ಮುಂದೆ ನಿಲ್ಲುತ್ತಾರೆ. 40ರಲ್ಲಿ ಬಂದವರು ಅವನನ್ನು ಮುಟ್ಟುವಾಗ ಇನ್ನೂ ಗಂಟೆಗೆ ಸುಮಾರು 33 ಕಿ.ಮೀ. ಜವದಲ್ಲಿರುತ್ತಾರೆ. 60ರಲ್ಲಿ ಬಂದವರು ಆ ಗೆರೆ ತಲಪುವಾಗ ಬ್ರೇಕನ್ನೇ ಹಿಡಿದಿರುವುದಿಲ್ಲ. ಗೆರೆಯ ಮೇಲೆ ನಿಂತಿದ್ದ ಹುಡುಗ ಕೇಳದೆಯೇ ಪಕ್ಕಕ್ಕೆ ಸರಿದ.

ಕಲಿಯುವವರ ಲೆಕ್ಕ ಬೇರೆ. ಅವರ ಗಮನ ಕ್ಲಚ್, ಗೇರ್, ಕನ್ನಡಿ, ಇಂಡಿಕೇಟರ್ ಎಂದು ಹಂಚಿಹೋಗಿರುತ್ತದೆ. ಅವರ ಪ್ರತಿಕ್ರಿಯೆಗೆ ಒಂದೂವರೆ ಸೆಕೆಂಡ್ ಎಂದುಕೊಂಡರೆ 40ರಲ್ಲಿ ನಿಲುಗಡೆ ದೂರ 29 ಮೀಟರ್. ಅನುಭವಿ 40ರಲ್ಲಿ ನಿಲ್ಲುವ ಜಾಗದಲ್ಲೇ ಕಲಿಯುವವರೂ ನಿಲ್ಲಬೇಕಾದರೆ 34ಕ್ಕಿಂತ ಜಾಸ್ತಿ ಹೋಗುವಂತಿಲ್ಲ. ಇದನ್ನು ಮಕ್ಕಳು ಒಂದೊಂದೇ ಬೆಲೆ ಹಾಕಿ ನೋಡಿ ಕಂಡುಕೊಂಡರು.

ಚರ್ಚೆ

ನಮ್ಮ ಕೇಂದ್ರ ನಿಯಮದಲ್ಲಿ ಕಲಿಯುವವರಿಗೆಂದೇ ಬೇರೆ ಜವಮಿತಿ ಇಲ್ಲ. ಆ ರಸ್ತೆಗೆ, ಆ ವಾಹನಕ್ಕೆ ಇರುವ ಮಿತಿಯೇ ಅವರಿಗೂ ಮಿತಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಕಲಿಕಾ ಸವಾರರು, ರಸ್ತೆಯ ಮಿತಿ ಹೆಚ್ಚಿದ್ದರೂ, ಗಂಟೆಗೆ 90 ಕಿ.ಮೀ. ದಾಟುವಂತಿಲ್ಲ. ಎರಡನ್ನೂ ಹೇಳಿ, ಇಂಥ ನಿಯಮ ಬೇಕೆ ಎಂದು ಕೇಳಿದೆ.

ವಿರೋಧದ ವಾದ ಗಟ್ಟಿಯಾಗಿಯೇ ಬಂತು. “ಹೈವೇಲಿ 30ರಲ್ಲಿ ಹೋದ್ರೆ ಹಿಂದಿನ ಲಾರಿಯವ್ನು ಗುದ್ದಲ್ವಾ?” ಎಂದ ಒಬ್ಬ. “ಎಲ್ ಬೋರ್ಡ್ ನೋಡಿದ್ರೆ ಬೇಕಂತ್ಲೇ ಹಾರ್ನ್ ಹೊಡೀತಾರೆ” ಎಂದಳು ಇನ್ನೊಬ್ಬಳು. ಇವನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಎರಡನೆಯದು ನನ್ನ ಭಯವೂ ಆಗಿತ್ತು.

ಉತ್ತರ ಕೊಟ್ಟದ್ದು ನಾನಲ್ಲ, ಲಾರಿ ಚಾಲಕರೊಬ್ಬರ ಮಗ. “ನಮ್ಮಪ್ಪ ಹೇಳ್ತಾರೆ ಮಿಸ್, ಎಲ್ ಬೋರ್ಡ್ ಕಂಡ್ರೆ ದೂರ ಬಿಟ್ಕೊಂಡು ಹೋಗ್ಬೇಕು, ಅವ್ರು ಯಾವಾಗ ಬ್ರೇಕ್ ಹಾಕ್ತಾರೋ ಗೊತ್ತಾಗಲ್ಲ ಅಂತ. ಬೋರ್ಡೇ ಇಲ್ದಿದ್ರೆ ಅಪ್ಪಂಗೆ ಹೆಂಗ್ ಗೊತ್ತಾಗ್ಬೇಕು?”

ಇಡೀ ಪಾಠದ ತಿರುಳು ಆ ಮಾತಿನಲ್ಲಿತ್ತು. ಫಲಕವನ್ನು ನಾನು ಅವಮಾನದ ಗುರುತು ಎಂದುಕೊಂಡಿದ್ದೆ. ಅದು ನಿಜವಾಗಿ ಹಿಂದಿನವರಿಗೆ ಕೊಡುವ ಮಾಹಿತಿ. ನಾನು ನಿಧಾನ ಹೋದರೆ ನನ್ನ ಮುಂದಿನವರಿಗೆ ಕ್ಷೇಮ. ಫಲಕ ಹಾಕಿದರೆ ನನ್ನ ಹಿಂದಿನವರು ಅಂತರ ಬಿಡುತ್ತಾರೆ. ಫಲಕವಿಲ್ಲದೆ ನಿಧಾನ ಹೋದರೆ ಹಿಂದಿನವರಿಗೆ ಕಾರಣ ತಿಳಿಯುವುದಿಲ್ಲ, ಫಲಕ ಹಾಕಿ ಜೋರಾಗಿ ಹೋದರೆ ಫಲಕಕ್ಕೇ ಅರ್ಥವಿಲ್ಲ. ಹೆದ್ದಾರಿಯ ಪ್ರಶ್ನೆಗೆ ಮಕ್ಕಳೇ ಕೊಟ್ಟ ಉತ್ತರ, ಹಿಡಿತ ಬರುವ ತನಕ ಹೆದ್ದಾರಿಗೆ ಹೋಗದೆ ಊರಿನ ಖಾಲಿ ರಸ್ತೆಯಲ್ಲಿ ಕಲಿಯುವುದು.

ಮುಂದುವರಿದ ಚಟುವಟಿಕೆಯಾಗಿ ರಟ್ಟಿನಲ್ಲಿ ಫಲಕ ಮಾಡಿದೆವು. ನಿಯಮದ ಅಳತೆ 18 ಸೆಂ.ಮೀ. ಚೌಕ, ಅಕ್ಷರ ಕನಿಷ್ಠ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ತಳದಲ್ಲಿ 9 ಸೆಂ.ಮೀ. ಅಗಲ. ಒಂದು ಗುಂಪು ಅರ್ಧ ಅಳತೆಯ ಫಲಕವನ್ನೂ ಮಾಡಿತು. ಎರಡನ್ನೂ ಮೈದಾನದ ಆ ತುದಿಯಲ್ಲಿ ಹಿಡಿದು ನೋಡಿದಾಗ ಅಳತೆ ಯಾಕೆ ಬರೆದಿದ್ದಾರೆ ಎಂದು ಯಾರಿಗೂ ವಿವರಿಸಬೇಕಾಗಲಿಲ್ಲ.

ನಾನು ಎಡವಿದ ಜಾಗ

ಚರ್ಚೆಯ ನಡುವೆ ಉತ್ಸಾಹದಲ್ಲಿ, “ನಿಮ್ಮಲ್ಲಿ ಯಾರ್ ಯಾರು ಗಾಡಿ ಓಡಿಸ್ತೀರಿ, ಕೈ ಎತ್ತಿ” ಎಂದುಬಿಟ್ಟೆ. ಕೆಲವು ಕೈ ಮೇಲೆದ್ದವು. ಒಬ್ಬ, ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಅಪ್ಪನ ಬೈಕಿನಲ್ಲಿ ತಾನೇ ಹೋಗುವುದಾಗಿ ಹೆಮ್ಮೆಯಿಂದ ಹೇಳಿದ. ಆಮೇಲೆ ನಾನು ಕಾನೂನು ಹೇಳಿದೆ. ಗೇರಿನ ಬೈಕಿಗೆ 18 ವರ್ಷ ತುಂಬಬೇಕು. 50 ಸಿಸಿ ಮೀರದ ಗಾಡಿಗೂ 16 ತುಂಬಬೇಕು. ಒಂಬತ್ತನೇ ತರಗತಿಯ ವಯಸ್ಸಿಗೆ ಎಲ್ ಫಲಕವೂ ಇಲ್ಲ, ಎಲ್‌ಎಲ್‌ಆರ್ ಕೂಡ ಇಲ್ಲ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವ ತನಕ ಪರವಾನಗಿ ಇಲ್ಲ. ಹುಡುಗ ತಲೆ ತಗ್ಗಿಸಿ ಕೂತ. ಉಳಿದ ತರಗತಿಯಲ್ಲಿ ಅವನು ಬಾಯಿ ಬಿಡಲಿಲ್ಲ.

ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಲೆಕ್ಕದ ಭಾಗವನ್ನು ಮೆಚ್ಚಿದ್ದರು. ಈ ಜಾಗಕ್ಕೆ ಮಾತ್ರ ಕೆಂಪು ಗೆರೆ ಎಳೆದಿದ್ದರು. ಮೊದಲು ಕೈ ಎತ್ತಿಸಿ, ಆಮೇಲೆ ಶಿಕ್ಷೆ ಓದಿ ಹೇಳಿದರೆ ಮಗು ಮುಂದಿನ ಸಲ ನಿಜ ಹೇಳುವುದಿಲ್ಲ ಎಂಬುದು ಅವರ ಆಕ್ಷೇಪ. ಅದು ಸರಿಯೆಂದು ನನಗೂ ಅನ್ನಿಸಿತು. ನನ್ನ ತಪ್ಪನ್ನು ಒಪ್ಪಿಕೊಳ್ಳಲು ಮಕ್ಕಳು ನನಗೆ ಅವಕಾಶ ಕೊಟ್ಟಿದ್ದರು. ಅದೇ ಅವಕಾಶವನ್ನು ನಾನು ಆ ಹುಡುಗನಿಗೆ ಕೊಡಲಿಲ್ಲ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಅವನ ಜೊತೆ ಕೂತು ಮಾತಾಡಿದೆ. ಅಪ್ಪನಿಗೆ ಬೆಳಿಗ್ಗೆ ಗದ್ದೆ ಕೆಲಸ, ಡೇರಿ ಮುಚ್ಚುವ ಮೊದಲು ಹಾಲು ಮುಟ್ಟಬೇಕು. ಸೈಕಲ್ಲಿನಲ್ಲಿ ಹೋಗಲು ಎಷ್ಟು ಹೊತ್ತು ಬೇಕು ಎಂದು ಇಬ್ಬರೂ ಲೆಕ್ಕ ಹಾಕಿದೆವು. ಕಾಲು ಗಂಟೆ ಬೇಗ ಹೊರಟರೆ ಸಾಕಿತ್ತು. ಅವನು ಬೈಕ್ ಬಿಟ್ಟನೆಂದು ನಾನು ಹೇಳಲಾರೆ. ಮನೆಯಲ್ಲಿ ಈ ವಿಷಯ ಎತ್ತಿದ್ದೇನೆ ಎಂದು ಅವನು ಹೇಳಿದ, ಅಷ್ಟೇ.

ಮುಂದೆ ಈ ಪಾಠ ಮಾಡುವವರಿಗೆ

1. ನಿಯಮವನ್ನು ಮೊದಲು ಓದಿಸಿ ಆಮೇಲೆ ಕಾರಣ ಹೇಳುವ ಬದಲು, ನಿಲುಗಡೆ ದೂರದ ಲೆಕ್ಕ ಮೊದಲು ಮಾಡಿಸಿ. ಇಂಥ ನಿಯಮ ಬೇಕೆಂದು ಮಕ್ಕಳೇ ಹೇಳುತ್ತಾರೆ.
2. ದೂರಗಳನ್ನು ಹಲಗೆಯ ಮೇಲೆ ಬಿಡಬೇಡಿ, ನೆಲದ ಮೇಲೆ ಅಳೆಸಿ.
3. ‘ಯಾರು ಓಡಿಸುತ್ತೀರಿ’ ಎಂದು ಕೇಳಬೇಡಿ. ‘ಒಬ್ಬ ಹುಡುಗ ಹಾಲು ಹಾಕಲು ಬೈಕಿನಲ್ಲಿ ಹೋಗುತ್ತಾನೆ, ಬೇರೆ ದಾರಿ ಏನಿದೆ’ ಎಂದು ಕೇಳಿ.
4. ಮೌಲ್ಯಮಾಪನಕ್ಕೆ ಈ ಪ್ರಶ್ನೆ ಚೆನ್ನಾಗಿ ಕೆಲಸ ಮಾಡಿತು: 20 ಕಿ.ಮೀ. ಜವದಲ್ಲಿ ನಿಲುಗಡೆ ದೂರ ಎಷ್ಟು, 40ರದ್ದಕ್ಕೆ ಹೋಲಿಸಿದರೆ ಅದು ಅರ್ಧಕ್ಕಿಂತ ಕಡಿಮೆ ಏಕೆ? (ಉತ್ತರ ಸುಮಾರು 8.6 ಮೀ.)
5. ರಸ್ತೆಯ ನಿಯಮ ಹೇಳುವ ದಿನ ನಿಮ್ಮ ಗಾಡಿಯನ್ನು ಮೊದಲು ನೋಡಿಕೊಳ್ಳಿ. ಮಕ್ಕಳು ಅದನ್ನು ಆಗಲೇ ನೋಡಿರುತ್ತಾರೆ.

ಆ ದಿನ ಸಂಜೆ ಸ್ಕೂಟರನ್ನು ಶಾಲೆಯಲ್ಲೇ ಬಿಟ್ಟು ಅಣ್ಣನಿಗೆ ಫೋನ್ ಮಾಡಿದೆ. ಸಹಪಾಠಿ ಬಸ್ಸಿಗೆ ಹೋದಳು. ಅಣ್ಣ ಬಂದು ಹಿಂದೆ ಕೂತ. ತರಗತಿ ಮಾಡಿದ್ದ ಎರಡು ಫಲಕಗಳನ್ನು ಮಕ್ಕಳೇ ಮುಂದೆ ಹಿಂದೆ ದಾರದಿಂದ ಬಿಗಿದರು. ಗೇಟಿನ ತನಕ ನಕ್ಕರು, ಆಮೇಲೆ ಕೈಬೀಸಿದರು. ದಾರಿಯಲ್ಲಿ ಒಬ್ಬರು ಹಾರ್ನ್ ಹೊಡೆದದ್ದೂ ಉಂಟು. ನಂತರ ಬಂದ ಲಾರಿಯೊಂದು ಸಾಕಷ್ಟು ದೂರ ಬಿಟ್ಟುಕೊಂಡು, ರಸ್ತೆ ಖಾಲಿಯಾದ ಮೇಲೆ ದಾಟಿಕೊಂಡು ಹೋಯಿತು. ಮರುದಿನದಿಂದ ಪಕ್ಕಾ ಪರವಾನಗಿ ಸಿಗುವ ತನಕ ನಾನೂ ಶಾಲೆಗೆ ಬಸ್ಸಿನಲ್ಲೇ ಹೋದೆ.

ಬೋಧನಾಭ್ಯಾಸದಲ್ಲಿ ನಮಗೂ ಹಿಂದೆ ಒಬ್ಬ ಮಾರ್ಗದರ್ಶಕರು ಕೂತಿರುತ್ತಾರೆ. ಇವರು ಇನ್ನೂ ಕಲಿಯುತ್ತಿದ್ದಾರೆ ಎಂದು ತರಗತಿಗೆ ಗೊತ್ತಿರುತ್ತದೆ, ಅದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ. ರಸ್ತೆಯಲ್ಲಿ ಮಾತ್ರ ನಾನು ಅದನ್ನು ಮುಚ್ಚಿಟ್ಟಿದ್ದೆ.